ಸೊಂಟದಲ್ಲಿನ ಪಿಸ್ತೂಲು ಯಾರನ್ನು ಕಾಯುತ್ತದೆ?

ಇಂದಿನ ಹಾವೇರಿ ಜಿಲ್ಲೆಯ, ವರದಾ ನದಿ ಸೀಮೆಯ ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಮೈಲಾರ ಮಹದೇವಪ್ಪ ಮತ್ತು ಅವರ ಸಂಗಡಿಗರಾದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಪೊಲೀಸರ ಗುಂಡಿಗೆ ಬಲಿಯಾದರು. ಬ್ರಿಟಿಷ್ ಸರ್ಕಾರ ರೈತರಿಂದ ವಸೂಲಿ ಮಾಡಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದವರು ಅವರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮಹದೇವಪ್ಪ ಅದಕ್ಕೂ 13 ವರ್ಷ ಮೊದಲು, ಇನ್ನೂ ಹರೆಯದಲ್ಲಿದ್ದಾಗ, ಗಾಂಧೀಜಿಯ ಜೊತೆ ದಂಡಿಗೆ ನಡೆದಿದ್ದರು. ಆ ನಡಿಗೆ ಹೊರಡುವ ಮುನ್ನ, 1930ರ ಜನವರಿಯಲ್ಲಿ, ಗಾಂಧೀಜಿ ಸರ್ಕಾರದ ಮುಂದೆ 11 ಬೇಡಿಕೆಗಳನ್ನು ಇಟ್ಟಿದ್ದರು. ಉಪ್ಪಿನ ಕರ ಹೋಗಬೇಕು, ಭೂಕಂದಾಯ ಅರ್ಧಕ್ಕೆ ಇಳಿಯಬೇಕು ಎಂಬವು ಎಲ್ಲರಿಗೂ ಗೊತ್ತು. ಅದೇ ಪಟ್ಟಿಯಲ್ಲಿ ಇನ್ನೊಂದಿತ್ತು: ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ಕೊಡಬೇಕು, ಆದರೆ ಅದು ಜನರ ಹತೋಟಿಗೆ ಒಳಪಟ್ಟಿರಬೇಕು. ಅಹಿಂಸೆಯ ಪ್ರತಿಪಾದಕರೇ ಇದನ್ನು ಕೇಳಿದ್ದು ಹಲವರಿಗೆ ಸೋಜಿಗವೆನಿಸಬಹುದು. ಕಳ್ಳತನದ, ಹಲ್ಲೆಯ ಸುದ್ದಿ ಬಂದಾಗಲೆಲ್ಲ 'ಪ್ರತಿಯೊಬ್ಬರ ಕೈಯಲ್ಲೂ ಒಂದು ಆಯುಧ ಇರಬೇಕು' ಎನ್ನುವವರು ಈ ಬೇಡಿಕೆಯ ಮೊದಲ ಅರ್ಧವನ್ನಷ್ಟೇ ಎತ್ತಿಕೊಳ್ಳುತ್ತಾರೆ. ನನ್ನ ವಾದ ನಿಂತಿರುವುದು ಎರಡನೆಯ ಅರ್ಧದ ಮೇಲೆ. ಜೀವ ಉಳಿಸಿಕೊಳ್ಳುವ ಹಕ್ಕು ಒಬ್ಬೊಬ್ಬರದೂ ಹೌದು. ಆಯುಧದ ಹತೋಟಿ ಮಾತ್ರ ಒಬ್ಬೊಬ್ಬರ ಇಷ್ಟಕ್ಕೆ ಬಿಡುವಂಥದ್ದಲ್ಲ.

ಆ ಬೇಡಿಕೆಯ ಹಿಂದೆ ದೊಡ್ಡ ಗಾಯವೊಂದಿತ್ತು. 1857ರಲ್ಲಿ ಸರ್ಕಾರ ಜನರ ಆಯುಧ ಕಸಿಯಲು ಹೊರಟಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡಲೊಲ್ಲೆವೆಂದು ನಿಂತರು. ಊರಿಗೇ ಬೆಂಕಿ ಬಿತ್ತು, ಅನೇಕರಿಗೆ ಗಲ್ಲಾಯಿತು. 1878ರ ಆಯುಧ ಕಾಯ್ದೆ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಆಗ ಬಂದೂಕು ಕೇಳುವುದೆಂದರೆ ಸರಿಸಮಾನತೆ ಕೇಳುವುದಾಗಿತ್ತು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ನಿರ್ಣಯವೂ, ನಿಯಮಗಳಿಗೆ ಒಳಪಟ್ಟು, ಆಯುಧ ಹೊಂದುವ ಹಕ್ಕನ್ನು ಒಪ್ಪಿತ್ತು. ಅದನ್ನೇ ಆಧಾರ ಮಾಡಿಕೊಂಡು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್, ಇದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಒಮ್ಮೆ ಮೂಲಭೂತ ಹಕ್ಕು ಎಂದು ಬರೆದುಬಿಟ್ಟರೆ ಅಪರಾಧವನ್ನೇ ಕಸುಬು ಮಾಡಿಕೊಂಡವರಿಗೂ ಅದನ್ನು ನಿರಾಕರಿಸುವುದು ಕಷ್ಟ ಎಂಬುದು ಅವರ ಮಾತಿನ ತಿರುಳು. ತಿದ್ದುಪಡಿ ಬಿದ್ದುಹೋಯಿತು. ಆ ತೀರ್ಮಾನ ಸರಿಯಾಗಿತ್ತೆಂದೇ ನಾನು ನಂಬುತ್ತೇನೆ. ಆಳುವವರನ್ನು ಆರಿಸುವ ಅಧಿಕಾರ ಜನರಿಗೆ ಬಂದ ಮೇಲೆ ಆಯುಧದ ಪ್ರಶ್ನೆ ಸಮಾನತೆಯದಾಗಿ ಉಳಿಯಲಿಲ್ಲ, ಸುರಕ್ಷತೆಯದಾಯಿತು. ಅದನ್ನು ಅಭಿಮಾನದಿಂದಲ್ಲ, ಸಾಕ್ಷ್ಯದಿಂದ ಅಳೆಯಬೇಕು.

ಮೊದಲು ಕಾನೂನು ಏನು ಕೊಟ್ಟಿದೆ ಎಂಬುದನ್ನು ನೋಡೋಣ, ಏಕೆಂದರೆ ಇಲ್ಲಿ ತಪ್ಪು ತಿಳಿವಳಿಕೆ ಬಹಳ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಹೇಳುತ್ತವೆ. ತನ್ನ ಮೈ, ಬೇರೆಯವರ ಮೈ, ಆಸ್ತಿ, ಎಲ್ಲವನ್ನೂ ಕಾಯಬಹುದು. ಕೊಲೆ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಅಪಾಯ ಎದುರಾದರೆ ದಾಳಿಕೋರನ ಪ್ರಾಣ ಹೋದರೂ ಅದು ಅಪರಾಧವಲ್ಲ. ಓಡಿಹೋಗಲೇಬೇಕೆಂಬ ಕಟ್ಟಳೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮುಖ್ಯ ಮಿತಿ ಎರಡು: ಅಪಾಯ ತಪ್ಪಿಸಲು ಬೇಕಾದ್ದಕ್ಕಿಂತ ಹೆಚ್ಚಿನ ಪೆಟ್ಟು ಕೊಡಬಾರದು, ಪೊಲೀಸರ ನೆರವು ಪಡೆಯುವಷ್ಟು ಸಮಯವಿದ್ದರೆ ಕೈಯೆತ್ತಬಾರದು. ಈ ಹಕ್ಕಿಗೆ ಲೈಸೆನ್ಸ್ ಬೇಕಿಲ್ಲ. ಹೊಲಕ್ಕೆ ಹೋಗುವವರ ಕೈಯ ಬಡಿಗೆಯನ್ನು 1959ರ ಆಯುಧ ಕಾಯ್ದೆ ಆಯುಧವೆಂದೇ ಎಣಿಸುವುದಿಲ್ಲ. ಅನುಮತಿ ಬೇಕಾಗುವುದು ಬಂದೂಕಿಗೆ. ಅದಕ್ಕೂ ದಾರಿ ಇದೆ: ಜಿಲ್ಲಾಧಿಕಾರಿಗೆ ಅರ್ಜಿ, ಪೊಲೀಸ್ ವರದಿ, ಬಂದೂಕು ಬಳಸುವ ತರಬೇತಿ. ಸಾಕಷ್ಟು ಆಸ್ತಿ ಇಲ್ಲ ಎಂಬ ಕಾರಣವೊಂದರಿಂದಲೇ ಅರ್ಜಿ ತಿರಸ್ಕರಿಸುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಬೆಳೆ ಕಾಯಲು ಬೇಕೆಂದು ರೈತರು ಕೇಳುವ, ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಅದರಲ್ಲಿ ಪ್ರತ್ಯೇಕ ಅವಕಾಶವಿದೆ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ.

ಇಷ್ಟಿದ್ದೂ ಜೇಬಿನಲ್ಲಿ, ಸೊಂಟದಲ್ಲಿ ಆಯುಧ ಇಟ್ಟುಕೊಂಡು ತಿರುಗಿದರೆ ಮನುಷ್ಯ ಸುರಕ್ಷಿತನೇ? ದಾಳಿ ಯಾವಾಗ, ಎಲ್ಲಿ ಎಂಬುದನ್ನು ಗೊತ್ತುಮಾಡುವವನು ದಾಳಿಕೋರ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಕೊಂದವರು ಮನೆಬಾಗಿಲಿಗೆ ಬಂದು ಗುಂಡು ಹಾರಿಸಿದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಮನೆ ಸೇರುವ ಹೊತ್ತಿಗೆ ಸರಿಯಾಗಿ ಹಂತಕರು ಎದುರಾದರು. ಅವರಿಬ್ಬರ ಕೈಯಲ್ಲಿ ಪಿಸ್ತೂಲು ಇದ್ದಿದ್ದರೂ ಅದನ್ನು ತೆಗೆಯುವ ಸಮಯವನ್ನು ಹಂತಕರು ಕೊಡುತ್ತಿರಲಿಲ್ಲ. ಇದು ಊಹೆಯಷ್ಟೇ ಎನ್ನುವವರಿಗೆ ಅಮೆರಿಕದ ಅಧ್ಯಯನಗಳಿವೆ. ಅಲ್ಲಿ ಕೋಟ್ಯಂತರ ಜನ ಬಂದೂಕು ಇಟ್ಟುಕೊಂಡಿರುವುದರಿಂದ ಅಳೆಯಲು ಸಾಧ್ಯ. ಫಿಲಡೆಲ್ಫಿಯಾ ನಗರದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಂದೂಕು ಹೊಂದಿದ್ದವರು ಹಲ್ಲೆಯಲ್ಲಿ ಗುಂಡೇಟು ತಿನ್ನುವ ಸಂಭವ ಉಳಿದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಅಪಾಯವಿರುವವರೇ ಬಂದೂಕು ಕೊಳ್ಳುತ್ತಾರೆ, ಹಾಗಾಗಿ ಈ ಲೆಕ್ಕ ತಿರುವುಮುರುವು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ 1 ಕೋಟಿ 70 ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ವರ್ಷಗಟ್ಟಲೆ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿದ್ದು ಬಂದೂಕು ಕೊಂಡವರನ್ನಲ್ಲ, ಅವರೊಂದಿಗೆ ಒಂದೇ ಮನೆಯಲ್ಲಿ ಬಾಳುವ, ತಮ್ಮದೆಂದು ಬಂದೂಕು ಇಲ್ಲದವರನ್ನು. ಅವರು ಕೊಲೆಯಾಗುವ ಪ್ರಮಾಣ ಬಂದೂಕಿಲ್ಲದ ಮನೆಯವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಕಾಯಲೆಂದು ತಂದದ್ದು ಮನೆಯವರನ್ನು ಕಾಯಲಿಲ್ಲ.

ಹಾವೇರಿ ಜಿಲ್ಲೆಯ ಮಟ್ಟಿಗೆ ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ, ಆಯುಧದ ಚರ್ಚೆಯಲ್ಲಿ ಯಾರೂ ಅದನ್ನು ಎತ್ತುವುದಿಲ್ಲ. ರೈತರ ಆತ್ಮಹತ್ಯೆಯಿಂದ ಮೇಲಿಂದ ಮೇಲೆ ಸುದ್ದಿಯಾಗುವ ಜಿಲ್ಲೆ ಇದು. ಮೆಕ್ಕೆಜೋಳ ಒಣಗಿತು, ಮೆಣಸಿನಕಾಯಿಗೆ ದರ ಬಿತ್ತು, ಸಾಲ ಬೆಳೆಯಿತು ಎಂಬ ಕಾಲದಲ್ಲಿ ಮನೆಯ ಮೂಲೆಯಲ್ಲಿ ಗುಂಡು ತುಂಬಿದ ಬಂದೂಕು ಇದ್ದರೆ ಅದರ ಮೊದಲ ಬಲಿ ಕಳ್ಳನಾಗಿರುವುದಿಲ್ಲ. ಅಮೆರಿಕದಲ್ಲಿ 2022ರಲ್ಲಿ ಬಂದೂಕಿನಿಂದ ಸತ್ತ 48,000ಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಾವೇ ಪ್ರಾಣ ಕಳೆದುಕೊಂಡವರು. ಸಾಯಬೇಕೆಂದವರು ಹೇಗಾದರೂ ಸಾಯುತ್ತಾರೆ ಎನ್ನುವುದು ಕ್ರೂರವಾದ ತಪ್ಪು ಮಾತು. ಶ್ರೀಲಂಕಾ ಅತಿ ವಿಷದ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಮೂರರಲ್ಲಿ ಎರಡು ಪಾಲು ಇಳಿಯಿತು. ಆ ಒಂದು ಕೆಟ್ಟ ಗಳಿಗೆ ದಾಟಿದವರಲ್ಲಿ ಹೆಚ್ಚಿನವರು ಬದುಕಿಗೆ ಮರಳುತ್ತಾರೆ. ಬಂದೂಕು ಆ ಗಳಿಗೆಯನ್ನು ದಾಟಗೊಡುವುದಿಲ್ಲ.

ಕಳ್ಳರ ಕೈಯಲ್ಲಿ ಕಳ್ಳ ಪಿಸ್ತೂಲು ಇರುವಾಗ ಒಳ್ಳೆಯವರು ಬರಿಗೈಯಲ್ಲಿ ಇರಬೇಕೇ ಎಂದು ಕೇಳುತ್ತಾರೆ. ದೇಶದಲ್ಲಿ ಬಂದೂಕಿನಿಂದ ಆಗುವ ಕೊಲೆಗಳಲ್ಲಿ ಬಹುಪಾಲು ಪರವಾನಗಿ ಇಲ್ಲದ ಆಯುಧಗಳಿಂದಲೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಗಳು ತೋರಿಸುತ್ತವೆ. ಅಂದರೆ ಹಿಡಿಯಬೇಕಾದ್ದು ನಾಡಪಿಸ್ತೂಲಿನ ಸಾಗಾಟವನ್ನು. ಹೆಣ್ಣುಮಕ್ಕಳ ರಕ್ಷಣೆಗೆಂದು 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ 'ನಿರ್ಭೀಕ್' ಎಂಬ ಹಗುರ ರಿವಾಲ್ವರ್ ಹೊರತಂದಿತು, ಬೆಲೆ ಲಕ್ಷ ರೂಪಾಯಿ ಮೀರಿತ್ತು. ಆದರೆ ಅದೇ ಬ್ಯೂರೋದ ಅಂಕಿಗಳಂತೆ ಅತ್ಯಾಚಾರ ಪ್ರಕರಣಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಕಡೆ ಆರೋಪಿ ಪರಿಚಯದವನೇ. ಮಾವ, ನೆರೆಯವ, ಗೆಳೆಯ ಎಂದು ನಂಬಿದವನ ಎದುರು ರಿವಾಲ್ವರ್ ಕೈಗೆ ಬರುವುದೇ ಇಲ್ಲ. ಬಾಗಿಲು ಬಡಿದಾಗ ಬರುವ ನೆರೆಯವರು, 112ಕ್ಕೆ ಕರೆ ಮಾಡಿದಾಗ ಬೇಗ ಬರುವ ಪೊಲೀಸ್ ಜೀಪು, ದೂರು ಕೊಟ್ಟರೆ ಮರ್ಯಾದೆಯಿಂದ ಬರೆದುಕೊಳ್ಳುವ ಠಾಣೆ, ಇವೇ ಹೆಣ್ಣುಮಗಳಿಗೆ ಬೇಕಾದ್ದು. ಪೆಪ್ಪರ್ ಸ್ಪ್ರೇಯನ್ನೂ ಹಗುರವಾಗಿ ಕಾಣಬಾರದು. ಜೀವಭಯವಿಲ್ಲದ ಕಡೆ ಬಳಸಿದರೆ ಅದು ಆತ್ಮರಕ್ಷಣೆ ಎನಿಸದು ಎಂಬ ಧಾಟಿಯಲ್ಲಿ ಕರ್ನಾಟಕ ಹೈಕೋರ್ಟ್ 2024ರಲ್ಲಿ ಹೇಳಿದೆ.

ಕೊಡಗನ್ನು ಮುಂದಿಟ್ಟು ವಾದಿಸುವವರಿಗೆ ಉತ್ತರ ಹೇಳಲೇಬೇಕು. 1861ರಿಂದ ಬಂದ ವಿನಾಯಿತಿಯಂತೆ ಕೊಡವರಿಗೂ ಜಮ್ಮಾ ಎಂಬ ಪರಂಪರಾಗತ ಭೂಮಿಯ ಹಿಡುವಳಿದಾರರಿಗೂ ಬಂದೂಕಿಗೆ ಪರವಾನಗಿ ಬೇಕಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಬಂದೂಕು ಇದ್ದರೂ ಅಲ್ಲಿ ರಕ್ತ ಹರಿಯುತ್ತಿಲ್ಲ ಎಂಬುದು ನಿಜ. ಆದರೆ ಆ ಕೋವಿ ಒಬ್ಬನ ಸೊಂಟದ್ದಲ್ಲ, ಒಕ್ಕದ್ದು ಅಂದರೆ ಮನೆತನದ್ದು, ನೆಲದ್ದು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜೆ ನಡೆಯುತ್ತದೆ. ಅದು ಎಲ್ಲಿದೆ, ಯಾರ ಕೈಯಲ್ಲಿದೆ ಎಂಬುದು ಹಿರಿಯರಿಗೂ ಊರಿಗೂ ಗೊತ್ತು. ಕೊಡಗು ತೋರಿಸುವುದು ನನ್ನ ವಾದವನ್ನೇ: ಹತೋಟಿ ಸಮುದಾಯದಲ್ಲಿ ಗಟ್ಟಿಯಾಗಿರುವ ಕಡೆ ಆಯುಧ ತಣ್ಣಗಿರುತ್ತದೆ. ರಾಣೆಬೆನ್ನೂರಿನ ಬಸ್ ನಿಲ್ದಾಣದ ಜನಸಂದಣಿಯಲ್ಲಿ ಒಬ್ಬರಿಗೊಬ್ಬರು ಗೊತ್ತಿಲ್ಲದವರು ಅಂಗಿಯೊಳಗೆ ಬಚ್ಚಿಟ್ಟುಕೊಂಡ ಪಿಸ್ತೂಲಿಗೆ ಅಂಥ ಕಾವಲು ಯಾವುದು?

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಬೇರೆ ಕಡೆಯಿಂದ ಬರುತ್ತದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಊರೇ ತಿರುಗಿಬಿದ್ದಾಗ ಊರಿನ ಹತೋಟಿಯನ್ನು ನಂಬುವುದು ಹೇಗೆ? ಇದಕ್ಕೆ ಸುಲಭದ ಉತ್ತರವಿಲ್ಲ. ಆದರೆ 1995ರ ದೌರ್ಜನ್ಯ ತಡೆ ನಿಯಮಗಳು ದಾರಿಯೊಂದನ್ನು ತೋರಿಸಿವೆ. ದೌರ್ಜನ್ಯದ ಭಯವಿರುವ ಪ್ರದೇಶ ಎಂದು ಗುರುತಿಸಿದ ಕಡೆ ಪರಿಶಿಷ್ಟರಲ್ಲದವರ ಬಂದೂಕಿನ ಪರವಾನಗಿ ರದ್ದು ಮಾಡಬೇಕು, ಅಕ್ರಮ ಬಂದೂಕು ವಶಪಡಿಸಿಕೊಳ್ಳಬೇಕು. ಅಗತ್ಯ ಕಂಡರೆ ಪರಿಶಿಷ್ಟರಿಗೆ ಪರವಾನಗಿ ಕೊಡಬಹುದು. ಈ ಕೊನೆಯ ಅವಕಾಶವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೂ ಬಲವಿದ್ದವನ ಕೈಯಿಂದ ಆಯುಧ ತೆಗೆಯುವುದನ್ನು ನಿಯಮ ಮೊದಲು ಹೇಳಿರುವುದು ಸರಿಯಾಗಿಯೇ ಇದೆ. ಪರವಾನಗಿ ಈಗ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ. ಪರವಾನಗಿದಾರನ ಮನೆಯಿಂದ ಹೆಂಡತಿಗೆ ಹೊಡೆದ ದೂರು ಬಂದಿದೆಯೇ, ಕೇರಿಯವರನ್ನು ಬೆದರಿಸಿದ ಪ್ರಕರಣ ಇದೆಯೇ, ಕುಡಿತದ ಗಲಾಟೆ ಇದೆಯೇ ಎಂದು ಆಗ ಹಾವೇರಿಯ ಜಿಲ್ಲಾಡಳಿತ ಠಾಣೆಯ ಕಡತದಲ್ಲಷ್ಟೇ ಅಲ್ಲ, ಆ ಮನೆಯ ಹೆಂಗಸರನ್ನೂ ಆ ಕೇರಿಯವರನ್ನೂ ಖುದ್ದಾಗಿ ಕೇಳಿ, ಅವರ ಹೆಸರು ಹೊರಬೀಳದಂತೆ ಬರೆದುಕೊಂಡ ಮೇಲೆಯೇ ಸಹಿ ಹಾಕಬೇಕು.