ಪಿತ್ತದ ಹರಿವು, ಪಿತ್ತದ ಕಲ್ಲು, ಔಷಧದ ಎಲ್ಲೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲಿ ಕಣ್ಣು ಹಳದಿಗಟ್ಟಿದೊಡನೆ ಮನೆಯ ಹಿರಿಯರು ‘ಕಾಮಣಿಯಾಗಿದೆ’ ಎನ್ನುವರು. ಸೊಪ್ಪಿನ ರಸ ಕೊಡುವವರನ್ನು ಹುಡುಕಿಕೊಂಡು ಹೋಗುವುದೂ ಬರೆ ಹಾಕಿಸುವುದೂ ಹಳೆಯ ರೂಢಿ. ಅನೇಕರು ಗುಣಮುಖರಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗಿದ್ದ ಮೇಲೆ ಇದರಲ್ಲಿ ಕೆಡುಕೇನು ಎಂದು ವಿದ್ಯಾವಂತರೂ ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಪಿತ್ತವು ಹರಿಯುವ ದಾರಿಯನ್ನು ಮೊದಲು ತಿಳಿಯಬೇಕು.

ಯಕೃತ್ತು ದಿನವೊಂದಕ್ಕೆ ಸುಮಾರು ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ತಯಾರಿಸುತ್ತದೆ. ಅದರ ಒಂದು ಪಾಲು ಯಕೃತ್ತಿನ ಕೆಳಗಿರುವ ಪಿತ್ತಕೋಶವೆಂಬ ಸಣ್ಣ ಚೀಲದಲ್ಲಿ ಗಟ್ಟಿಯಾಗಿ ನಿಂತು, ಉಂಡಾಗ ನಾಳದ ಮೂಲಕ ಕರುಳಿಗೆ ಇಳಿದು ಜಿಡ್ಡನ್ನು ಅರಗಿಸುತ್ತದೆ. ಮಲಕ್ಕೆ ಬಣ್ಣ ಬರುವುದೂ ಈ ರಸದಿಂದಲೇ. ಹರಿವು ತಡೆದರೆ ಬಣ್ಣವು ರಕ್ತಕ್ಕೆ ಹಿಂದಿರುಗುವುದು. ಕಣ್ಣು ಹಳದಿ, ಮೂತ್ರ ಕಪ್ಪು, ಮಲ ಬಿಳುಪು, ಮೈಯೆಲ್ಲ ತುರಿಕೆ.

ಕಾಮಣಿಗೆ ಕಾರಣ ಒಂದಲ್ಲ. ಕಲುಷಿತ ನೀರಿನಿಂದ ಬರುವ ಯಕೃತ್ತಿನ ಸೋಂಕು ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಸೊಪ್ಪಿನ ರಸಕ್ಕೆ ಸಲ್ಲುತ್ತದೆ. ಆದರೆ ನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಬಂದ ಕಾಮಣಿ ಹಾಗೆ ಇಳಿಯುವುದೆಂದು ನಂಬಿ ಕೂಡಲಾಗದು. ತಡೆದ ಪಿತ್ತದಲ್ಲಿ ಕೀವಾಗಿ ಚಳಿಜ್ವರ ಬಂದರೆ ಪ್ರಾಣಕ್ಕೇ ಸಂಚಕಾರ. ಎರಡು ರೋಗಗಳೂ ಒಂದೇ ಹೆಸರಿನಲ್ಲಿ ಅಡಗಿರುವುದೇ ಅಪಾಯದ ಮೂಲ.

ಇನ್ನೊಂದು ಗೊಂದಲವೂ ಉಂಟು. ಕಲ್ಲು ಎಂದೊಡನೆ ಬಾಳೆದಿಂಡಿನ ರಸವನ್ನು ಹೇಳುವವರಿದ್ದಾರೆ. ಮೂತ್ರದ ಕಲ್ಲಿರುವವರಿಗೆ ನೀರು ಹೆಚ್ಚು ಕುಡಿಯುವುದು ಹಿತವೆಂಬುದು ನಿಜ. ಆದರೆ ಪಿತ್ತಕೋಶದ ಮಾರ್ಗವೇ ಬೇರೆ. ಮೂತ್ರದ ಹರಿವು ಅತ್ತ ಸುಳಿಯುವುದೇ ಇಲ್ಲ.

ಹಾಗಾದರೆ ಪಿತ್ತದ ಕಲ್ಲನ್ನು ಕರಗಿಸುವ ಔಷಧವೇ ಇಲ್ಲವೆ? ಇದೆ. ಕರಡಿಯ ಪಿತ್ತದಲ್ಲಿ ಮೊದಲು ಕಂಡುಬಂದ ಅರ್ಸೋಡಿಆಕ್ಸಿಕೋಲಿಕ್ ಆಮ್ಲವನ್ನು ಜಪಾನಿನ ವಿಜ್ಞಾನಿಗಳು 1927ರಲ್ಲಿ ಬೇರ್ಪಡಿಸಿದರು. ಈಗ ಅದನ್ನು ಕೃತಕವಾಗಿ ತಯಾರಿಸುತ್ತಾರೆ. ಇದು ಪಿತ್ತದಲ್ಲಿರುವ ಕೊಲೆಸ್ಟರಾಲನ್ನು ತಗ್ಗಿಸಿ, ಅದರಿಂದಾದ ಕಲ್ಲನ್ನು ಮೆಲ್ಲಮೆಲ್ಲನೆ ಸವೆಸುತ್ತದೆ. ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 8ರಿಂದ 10 ಮಿಲಿಗ್ರಾಂ ವಾಡಿಕೆಯ ಪ್ರಮಾಣ. ಆರು ತಿಂಗಳಿನಿಂದ ಎರಡು ವರ್ಷ ಸೇವಿಸಬೇಕಾಗಬಹುದು.

ಇದಕ್ಕೆ ಕಟ್ಟುಪಾಡುಗಳು ಹಲವು. ಕಲ್ಲು ಚಿಕ್ಕದಿರಬೇಕು, 5 ಮಿಲಿಮೀಟರಿಗಿಂತ ಕಿರಿದಾದರೆ ಉತ್ತಮ, ಸುಣ್ಣಗಟ್ಟಿರಬಾರದು, ಪಿತ್ತಕೋಶ ಚೆನ್ನಾಗಿ ಕುಗ್ಗಿ ಹಿಗ್ಗುತ್ತಿರಬೇಕು. ಬಣ್ಣದ ದ್ರವ್ಯದಿಂದಾದ ಕಪ್ಪು ಅಥವಾ ಕಂದು ಕಲ್ಲುಗಳ ಮೇಲೆ ಈ ಔಷಧ ನಡೆಯದು. ದಕ್ಷಿಣ ಭಾರತದಲ್ಲಿ ಇಂಥ ಕಲ್ಲುಗಳ ಪಾಲು ಉತ್ತರಕ್ಕಿಂತ ಹೆಚ್ಚೆಂಬುದನ್ನು ನಮ್ಮ ಸೀಮೆಯವರು ಮರೆಯತಕ್ಕದ್ದಲ್ಲ. ಕರಗಿದ ಕಲ್ಲೂ ಐದು ವರ್ಷಗಳೊಳಗೆ ಸುಮಾರು ಅರ್ಧದಷ್ಟು ಮಂದಿಯಲ್ಲಿ ಮತ್ತೆ ಹುಟ್ಟುತ್ತದೆ. ಆದಕಾರಣ ನೋವು ಮರುಕಳಿಸುವವರಿಗೆ ಪಿತ್ತಕೋಶವನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯೇ ಮುಖ್ಯ ಮಾರ್ಗವಾಗಿ ಉಳಿದಿದೆ. ಸಣ್ಣ ರಂಧ್ರಗಳ ಮೂಲಕ ಅದನ್ನು ಮಾಡುವ ಕ್ರಮವು 1985ರಲ್ಲಿ ಜರ್ಮನಿಯಲ್ಲಿ ಆರಂಭವಾಯಿತು. ಎಂದೂ ನೋವು ಕೊಡದ ಕಲ್ಲಿಗಾದರೋ ಸಾಮಾನ್ಯವಾಗಿ ಔಷಧವೂ ಬೇಡ, ಶಸ್ತ್ರವೂ ಬೇಡ.

ಔಷಧದ ನಿಜವಾದ ಬಲವು ಬೇರೆಡೆ ಕಾಣುವುದು. ಯಕೃತ್ತಿನೊಳಗಿನ ಕಿರುನಾಳಗಳು ಕ್ರಮೇಣ ನಾಶವಾಗುವ ಒಂದು ದೀರ್ಘ ರೋಗದಲ್ಲಿ, ಕಿಲೋಗೆ 13ರಿಂದ 15 ಮಿಲಿಗ್ರಾಮಿನಂತೆ ಇದೇ ಆಮ್ಲ ರೋಗದ ಓಟವನ್ನು ತಡೆಯುತ್ತದೆ. ತುರಿಕೆಗೆ ಕೊಲೆಸ್ಟಿರಮೀನ್ ಎಂಬ ಪುಡಿಯುಂಟು. ಪಿತ್ತ ಬಹುದಿನ ತಡೆದು ರಕ್ತ ಹೆಪ್ಪುಗಟ್ಟದೆ ಹೋದರೆ ‘ಕೆ’ ಜೀವಸತ್ವವನ್ನು ಕೊಡುತ್ತಾರೆ. ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಅಂಗೈ ಅಂಗಾಲು ತುರಿಸಿದರೆ ‘ಉಷ್ಣ’ವೆಂದು ಸುಮ್ಮನಿರದೆ ರಕ್ತಪರೀಕ್ಷೆ ಮಾಡಿಸಬೇಕು, ಅದು ಪಿತ್ತ ತಡೆದುದರ ಸೂಚನೆಯಾಗಿರಬಹುದು.

ಕಡೆಯದಾಗಿ ಎಳೆಯ ಶಿಶುವಿನ ಮಾತು. ಹುಟ್ಟಿ ಎರಡು ವಾರ ಕಳೆದರೂ ಹಳದಿ ಇಳಿಯದೆ, ಮಲವು ಸುಣ್ಣದಂತೆ ಬೆಳ್ಳಗಿದ್ದರೆ ಪಿತ್ತನಾಳವೇ ಮುಚ್ಚಿಹೋಗಿರಬಹುದು. ಅದಕ್ಕೆ ಬೇಕಾದ ಶಸ್ತ್ರಚಿಕಿತ್ಸೆ ಅರವತ್ತು ದಿನಗಳೊಳಗೆ ಆದರೆ ಫಲ ಹೆಚ್ಚು. ಬರೆಗೂ ಸೊಪ್ಪಿಗೂ ಕಳೆದ ಪ್ರತಿಯೊಂದು ವಾರವೂ ಆ ಮಗುವಿನ ಆಯುಷ್ಯದಿಂದ ಕಳೆದುದೇ.

ಕೊಪ್ಪಳದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ರಕ್ತಪರೀಕ್ಷೆಯೂ ಹೊಟ್ಟೆಯ ಸ್ಕ್ಯಾನಿಂಗೂ ಅಪರೂಪದ ವಸ್ತುಗಳಲ್ಲ. ಮನೆಯಲ್ಲಿ ಯಾರಿಗಾದರೂ ಕಣ್ಣು ಹಳದಿಯಾದರೆ ನಾವು ಮೂರು ಪ್ರಶ್ನೆ ಕೇಳಿಕೊಳ್ಳೋಣ: ಮಲ ಬಿಳುಪಾಗಿದೆಯೆ? ಪಕ್ಕೆಯಲ್ಲಿ ನೋವಿದೆಯೆ? ಚಳಿಜ್ವರ ಬಂದಿದೆಯೆ? ಒಂದಕ್ಕೆ ಹೌದೆಂಬ ಉತ್ತರ ಬಂದರೂ ಆ ದಿನವೇ ವೈದ್ಯರ ಬಳಿಗೆ ಹೊರಡತಕ್ಕದ್ದು. ಮೂರಕ್ಕೂ ಇಲ್ಲವೆಂದರೂ ಪರೀಕ್ಷೆಯನ್ನು ಬಿಡಲಾಗದು.