ಉಪ್ಪು ಹೊಳೆದದ್ದು ಹೀಗೆ

1930ರ ಜನವರಿ 18ರಂದು ರವೀಂದ್ರನಾಥ ಟ್ಯಾಗೋರರು ಸಾಬರಮತಿ ಆಶ್ರಮಕ್ಕೆ ಬಂದರು. ಈ ವರ್ಷ ದೇಶಕ್ಕೆ ಏನು ಹೇಳುತ್ತೀರಿ ಎಂದು ಗಾಂಧೀಜಿಯನ್ನು ಕೇಳಿದರು. ಹಗಲೂ ರಾತ್ರಿ ಯೋಚಿಸುತ್ತಿದ್ದೇನೆ, ಸುತ್ತಲ ಕತ್ತಲಲ್ಲಿ ಬೆಳಕೇ ಕಾಣುತ್ತಿಲ್ಲ ಎಂದುಬಿಟ್ಟರು ಗಾಂಧೀಜಿ.

ಲಾಹೋರಿನಲ್ಲಿ ಕಾಂಗ್ರೆಸ್ಸಿನ ಪೂರ್ಣ ಸ್ವರಾಜ್ಯದ ಗೊತ್ತುವಳಿಯಾಗಿ ಮೂರು ವಾರವೂ ಕಳೆದಿರಲಿಲ್ಲ. ಕಾನೂನುಭಂಗಕ್ಕೆ ದಾರಿ ಹುಡುಕುವ ಹೊಣೆ ಇವರ ಹೆಗಲಿಗೆ ಬಿದ್ದಿತ್ತು. ತರುಣರಿಗೆ ಆತುರ. ಇವರಿಗೋ 1922ರ ಚೌರಿಚೌರಾ ಮರೆತಿಲ್ಲ. ಅಲ್ಲಿ ಜನ ಪೊಲೀಸ್ ಠಾಣೆಗೆ ಬೆಂಕಿಯಿಟ್ಟಾಗ ಚಳವಳಿಯನ್ನೇ ನಿಲ್ಲಿಸಿದ್ದರು.

ಒಳದನಿ ಕೇಳುವವರೆಗೆ ಕಾಯುವೆ ಎಂದರು. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಬೆಳಕು ಹರಿಯುವ ಮೊದಲೇ ನದಿದಂಡೆಯ ಬಯಲಲ್ಲಿ ಪ್ರಾರ್ಥನೆ. ಮೇಲೆ ಸೂರಿಲ್ಲ, ಮುಂದೆ ಮೂರ್ತಿಯಿಲ್ಲ, ಕೆಳಗೆ ಬರೀ ಮರಳು. ಆಮೇಲೆ ಚರಕ, ಕಾಗದಪತ್ರ, ಪತ್ರಿಕೆಯ ಬರಹ. ಸಂಜೆಗೆ ಮತ್ತೆ ಅದೇ ಮರಳು.

ಜನವರಿ 30ರ 'ಯಂಗ್ ಇಂಡಿಯಾ'ದಲ್ಲಿ ಹನ್ನೊಂದು ಬೇಡಿಕೆ ಬರೆದರು. ಪಾನನಿಷೇಧವಾಗಲಿ, ಭೂಕಂದಾಯ ಅರ್ಧಕ್ಕಿಳಿಯಲಿ, ಹೀಗೆ. ಅವುಗಳ ನಡುವೆ ಉಪ್ಪಿನ ತೆರಿಗೆ ರದ್ದಾಗಲಿ ಎಂಬುದೂ ಇತ್ತು. ಫೆಬ್ರವರಿ ಮುಗಿಯುವಷ್ಟರಲ್ಲಿ ಆ ಒಂದು ಬೇಡಿಕೆ ಉಳಿದೆಲ್ಲವನ್ನೂ ಹಿಂದೆ ಹಾಕಿ ಎದ್ದು ನಿಂತಿತು. ಗಂಜಿ ಕುಡಿಯುವವನಿಗೂ ಬೇಕು, ಕಡಲು ಪುಕ್ಕಟೆ ಕೊಡುತ್ತದೆ, ಒಂದು ಹಿಡಿ ಎತ್ತಿದರೆ ಕಾನೂನು ಮುರಿಯುತ್ತದೆ, ಯಾರ ಮೈಗೂ ಗಾಯವಿಲ್ಲ.

ನನಗೆ ಬೆರಗು ಹುಟ್ಟಿಸುವುದು ಇದು: ಕಾದು ಸಿಕ್ಕಿದ್ದು ಹೊಸತೇ ಅಲ್ಲ. 1909ರ 'ಹಿಂದ್ ಸ್ವರಾಜ್'ನಲ್ಲೇ ಈ ತೆರಿಗೆಯನ್ನು ಅನ್ಯಾಯ ಎಂದು ಬರೆದವರು ಅವರು. ಇನ್ನೊಂದು ತಮಾಷೆ. ದಕ್ಷಿಣ ಆಫ್ರಿಕದಲ್ಲಿ ಕಸ್ತೂರಬಾಗೆ ಕಾಯಿಲೆಯಾದಾಗ ಉಪ್ಪು, ಬೇಳೆ ಬಿಡು ಎಂದಿದ್ದರು. ನಿಮಗೆ ಹೇಳಿದರೆ ನೀವು ಬಿಡುತ್ತೀರಾ ಎಂದರು ಬಾ. ನಿಂತ ನಿಲುವಿನಲ್ಲೇ ಒಂದು ವರ್ಷಕ್ಕೆ ಎರಡನ್ನೂ ಬಿಟ್ಟರು ಗಂಡ. ಅಂಥವರಿಗೇ ಬಡವನ ಉಪ್ಪು ಕಂಡಿತು!

ಉಪ್ಪೇ? ಎಂದು ನೆಹರೂ ಅಂಥವರೂ ತಬ್ಬಿಬ್ಬಾದರು. ಇದರಿಂದ ತನ್ನ ನಿದ್ದೆಯೇನೂ ಕೆಟ್ಟಿಲ್ಲ ಎಂದು ವೈಸರಾಯ್ ಇರ್ವಿನ್ ಬರೆದ. ಉಪ್ಪಿನ ಕಾನೂನು ಮುರಿಯುವೆನೆಂದು ಗಾಂಧೀಜಿ ಬರೆದ ಮಾರ್ಚ್ 2ರ ಪತ್ರವನ್ನು ಅವನಿಗೆ ಒಯ್ದದ್ದು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣ. ಆತ ಕ್ವೇಕರ್ ಪಂಥದವನು. ದೇವರ ಪ್ರೇರಣೆಗಾಗಿ ಮೌನವಾಗಿ ಕೂತು ಕಾಯುವುದೇ ಅವರ ಪೂಜೆ. ಬೇಕೆಂದೇ ಆರಿಸಿದರೋ ಎನಿಸುತ್ತದೆ.

ಮಾರ್ಚ್ 12ರ ಬೆಳಿಗ್ಗೆ 78 ಜನರೊಡನೆ ಹೊರಟ ಗಾಂಧೀಜಿ ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿದರು. ಆ ತಂಡದಲ್ಲಿದ್ದ ಕನ್ನಡಿಗರು ಒಬ್ಬರೇ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ಅವರಿಗೆ 18 ವರ್ಷ. ಏಪ್ರಿಲ್ 13ರಂದು ನಮ್ಮ ಅಂಕೋಲೆಯ ಕಡಲಂಚಿನಲ್ಲೂ ಉಪ್ಪಿನ ಕಾನೂನು ಮುರಿಯಿತು.