ಏಟು ಬೀಳದಿದ್ದರೂ ಅದು ಹಲ್ಲೆಯೇ!

‘ಯುವಕನ ಮೇಲೆ ಹಲ್ಲೆ’ ಎಂಬ ತಲೆಬರಹ ಕಂಡರೆ ಯಾರೋ ಪೆಟ್ಟು ತಿಂದಿದ್ದಾರೆ ಎಂದೇ ನಾವು ಅಂದುಕೊಳ್ಳುತ್ತೇವೆ. ಆದರೆ ಕಾನೂನಿನ ಪ್ರಕಾರ ಹಲ್ಲೆಯಾಗಲು ಒಂದು ಏಟೂ ಬೀಳಬೇಕಿಲ್ಲ.

ಇಂಗ್ಲಿಷ್ ಸಿನಿಮಾಗಳಲ್ಲಿ ‘ಅಸಾಲ್ಟ್ ಅಂಡ್ ಬ್ಯಾಟರಿ’ ಎಂಬ ಜೋಡಿ ಪದ ಕೇಳಿರುತ್ತೀರಿ. ಇಂಗ್ಲೆಂಡಿನ ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ ಅಪರಾಧ. ಈಗಲೇ ಏಟು ಬೀಳುತ್ತದೆ ಎಂಬ ಭಯ ಹುಟ್ಟಿಸುವುದು ಅಸಾಲ್ಟ್. ಅಕ್ರಮವಾಗಿ ಮೈಮೇಲೆ ಕೈ ಮಾಡುವುದು ಬ್ಯಾಟರಿ. ನಮ್ಮಲ್ಲಿ ‘ಬ್ಯಾಟರಿ’ ಹೆಸರಿನ ಅಪರಾಧವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದರ ಜಾಗದಲ್ಲಿರುವುದು ಬಲಪ್ರಯೋಗ ಮತ್ತು ಗಾಯ.

ಸೆಕ್ಷನ್ 130 ಹಲ್ಲೆಯನ್ನು ವಿವರಿಸುತ್ತದೆ. ಒಬ್ಬರತ್ತ ಮುಷ್ಟಿ ಬೀಸುವುದು, ಕಚ್ಚುವ ನಾಯಿಯ ಬಾಯಿಪಟ್ಟಿ ಸಡಿಲಿಸುವುದು ಕಾನೂನೇ ಕೊಡುವ ಉದಾಹರಣೆಗಳು. ಬರೀ ಬೈಗುಳ ಹಲ್ಲೆಯಲ್ಲ. ಆದರೆ ಕೋಲೆತ್ತಿ ‘ಬಾರಿಸ್ತೀನಿ’ ಎಂದರೆ ಆ ಮಾತು ಕೈಯ ಉದ್ದೇಶವನ್ನು ಹೇಳಿಬಿಡುತ್ತದೆ. ಆಗ ಅದು ಹಲ್ಲೆ. ಕೆಣಕಲು, ಹೆದರಿಸಲು ಒಬ್ಬರನ್ನು ಬೇಕೆಂದೇ ತಳ್ಳಿದರೆ, ಎಳೆದಾಡಿದರೆ ಅದು ಸೆಕ್ಷನ್ 129ರ ಅಪರಾಧಿಕ ಬಲಪ್ರಯೋಗ. ಎರಡಕ್ಕೂ 3 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹೊಡೆತದಿಂದ ನೋವಾದರೆ ಅದು ‘ಗಾಯ’. ರಕ್ತ ಬರಲೇಬೇಕೆಂದಿಲ್ಲ. ಸೆಕ್ಷನ್ 115ರಂತೆ ಶಿಕ್ಷೆ 1 ವರ್ಷಕ್ಕೆ, ದಂಡ 10,000 ರೂಪಾಯಿಗೆ ಏರುತ್ತದೆ. ಬೇಕೆಂದೇ ಹೊಡೆದು ಮೂಳೆಯನ್ನೋ ಹಲ್ಲನ್ನೋ ಮುರಿದರೆ ಅದು ತೀವ್ರ ಗಾಯ. 7 ವರ್ಷದವರೆಗೆ ಜೈಲು.

ಪೊಲೀಸರ ಕ್ರಮವೂ ಬದಲಾಗುತ್ತದೆ. ಹಲ್ಲೆ, ಸಾಮಾನ್ಯ ಗಾಯಗಳಲ್ಲಿ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಅವರು ತನಿಖೆ ನಡೆಸುವಂತಿಲ್ಲ. ಪೆಟ್ಟು ತಿಂದವರು ಒಪ್ಪಿದರೆ ಇಂಥ ಪ್ರಕರಣ ರಾಜಿಯಲ್ಲೂ ಮುಗಿಯಬಹುದು. ಆದರೆ ಮೂಳೆ ಮುರಿದಾಗ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸುತ್ತಾರೆ.

ಉದ್ಯೋಗ ಹುಡುಕುವ ನಮಗೆ ಇದೆಲ್ಲ ಏಕೆ? ಸರ್ಕಾರಿ ನೌಕರಿಗೆ ಆಯ್ಕೆಯಾದಾಗ ‘ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದೆಯೇ?’ ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ಅವತಾರ್ ಸಿಂಗ್ ಪ್ರಕರಣದಲ್ಲಿ (2016) ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ ಸ್ಪಷ್ಟ: ಮಾಹಿತಿ ನಿಜವಾಗಿರಬೇಕು. ಹರೆಯದ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದನ್ನು ನೇಮಕ ಮಾಡುವವರು ಮನ್ನಿಸಬಹುದು, ಆದರೆ ಮನ್ನಿಸಲೇಬೇಕೆಂದಿಲ್ಲ. ಗಂಭೀರ ಪ್ರಕರಣ ಮುಚ್ಚಿಟ್ಟರೆ ಸಿಕ್ಕ ಕೆಲಸವೂ ಹೋಗಬಹುದು.

ಹಾಗಾಗಿ ಪ್ರಕರಣವಿದ್ದರೆ ಯಾವ ಸೆಕ್ಷನ್, ಅದು ಯಾವ ಹಂತದಲ್ಲಿದೆ ಎಂದು ತಿಳಿದುಕೊಂಡು ಹಾಗೆಯೇ ಬರೆಯಿರಿ. ಪ್ರಕರಣ ಇಲ್ಲದವರು, ಕ್ಯಾಂಟೀನ್ ಜಗಳದಲ್ಲಿ ಎತ್ತಿದ ಕೈಯನ್ನು ಕೆಳಗಿಳಿಸಿದರೆ ಸಾಕು.